ಗ್ಯಾಸು ಬಂತು, ಕಾಗದ ಎಲ್ಲಿ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಈವತ್ತು ಪಾಠ ಇಲ್ಲ. ಪುಸ್ತಕ ಪಕ್ಕಕ್ಕಿಡಿ. ಈವತ್ತು ಬರೀ ಮಾತು. ಆದರೆ ಸ್ಲೇಟು, ಬಳಪ ಹತ್ತಿರವೇ ಇರಲಿ. ನಡುವೆ ನಾಲ್ಕು ಅಕ್ಷರ ಬರೆಯೋದಿದೆ. ಒಂದು ಕೂಡುವ ಲೆಕ್ಕವೂ ಇದೆ.

ಹೋದ ವಾರ ಪಾಠ ಮುಗಿದ ಮೇಲೆ ಮೂವರು ಅಕ್ಕಂದಿರು ಬಾಗಿಲ ಹತ್ತಿರ ನಿಂತರು. ನೀನು ಕೇಳು, ನೀನು ಕೇಳು ಅಂತ ಒಬ್ಬರನ್ನೊಬ್ಬರು ಮುಂದೆ ತಳ್ಳಿದರು. ಕೊನೆಗೆ ಒಬ್ಬರು ಕೇಳಿದರು. "ಮೇಡಮ್ಮೋರೆ, ನಮ್ಮನೇಗೂ ಗ್ಯಾಸು ಹಾಕಿಸಬೇಕು. ಯಾರನ್ನ ಕೇಳಬೇಕು? ಎಷ್ಟು ದುಡ್ಡು ಕೊಡಬೇಕು?" ಇನ್ನೊಬ್ಬರು ಅಂದರು, "ನಂಗೆ ಭಯ. ಅದು ಸಿಡೀತದಂತೆ." ಮೂರನೆಯವರು ಸುಮ್ಮನೆ ನಿಂತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, "ನಮ್ಮನೇಲಿ ಗ್ಯಾಸು ಐತೆ. ಅದು ಯಾರ ಹೆಸರಲ್ಲಿ ಐತೋ ನಂಗೊತ್ತಿಲ್ಲ."

ಮೂರೂ ಒಳ್ಳೆಯ ಪ್ರಶ್ನೆಗಳೇ. ಅದರಲ್ಲಿ ಮೂರನೆಯವರ ಮಾತು ಆ ರಾತ್ರಿ ನಮ್ಮ ನಿದ್ದೆ ಕೆಡಿಸಿತು. ಯಾಕೆ ಅಂತ ಮುಂದೆ ಹೇಳ್ತೀವಿ.

ಸೌದೆ ಒಲೆಯ ಕಷ್ಟವನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ನಮ್ಮ ತುಮಕೂರು ಸೀಮೆಯಲ್ಲಿ ತೆಂಗು ಜಾಸ್ತಿ. ಸೋಗೆ, ಮಟ್ಟೆ, ಕರಟ ಎಲ್ಲ ಒಲೆಗೇ. ಬೇಸಿಗೆಯಲ್ಲಿ ಹೇಗೋ ನಡೆಯುತ್ತೆ. ಮಳೆ ಹಿಡಿದರೆ ಹಸಿ ಮಟ್ಟೆ ಹೊಗೆ ಬಿಡುತ್ತೆ, ಉರಿ ಬಿಡೋದಿಲ್ಲ. ಊದುಗೊಳವೆ ಹಿಡಿದು ಊದಿ ಊದಿ ಕೆನ್ನೆ ನೋವು. ಕಣ್ಣಲ್ಲಿ ನೀರು. ಸೂರೆಲ್ಲ ಮಸಿ. ಆಮೇಲೆ ಆ ಕೆಮ್ಮು. ನಮ್ಮ ಅಜ್ಜಿ ಜೀವನವಿಡೀ ಕೆಮ್ಮಿದರು. ಬೀಡಿ ಸೇದಿದವರಲ್ಲ, ಹೊಗೆಸೊಪ್ಪು ಹಾಕಿದವರಲ್ಲ. ಏನಜ್ಜಿ ಅಂದರೆ "ಅದು ಇದ್ದದ್ದೇ" ಅನ್ನುತ್ತಿದ್ದರು. ಅದು ಒಲೆಯ ಕೆಮ್ಮು ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೊಗೆ ನಮ್ಮ ಎದೆಗೂ ಕೆಟ್ಟದ್ದು, ಕಣ್ಣಿಗೂ ಕೆಟ್ಟದ್ದು. ಪಕ್ಕದಲ್ಲಿ ಮಲಗಿಸಿದ ಕೂಸಿಗೆ ಇನ್ನೂ ಕೆಟ್ಟದ್ದು.

ಹೊಗೆ ಕಡಿಮೆ ಮಾಡೋದಕ್ಕೆ ತಿಳಿದವರು ಹಿಂದೆಯೇ ಯೋಚನೆ ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಅವರು ಮಾಡಿದ ಒಲೆಯೇ ಅಸ್ತ್ರ ಒಲೆ. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ಹೊರಗೆ. ದೊಡ್ಡಮ್ಮಂದಿರಿಗೆ ನೆನಪಿರಬಹುದು. ಇರಲಿ, ಈವತ್ತಿನ ಮಾತು ಗ್ಯಾಸಿನದು.

ಹಿಂದೆ ಗ್ಯಾಸು ಪೇಟೆಯವರ ಸೊತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಎಂಪಿಗಳ ಹತ್ತಿರ ಕೂಪನ್ ಇರುತ್ತಿತ್ತು. ಅದು ಸಿಕ್ಕಿದವರು ಪುಣ್ಯವಂತರು. 2011ರ ಜನಗಣತಿಯಲ್ಲಿ ನಮ್ಮ ದೇಶದ 100 ಮನೆಗಳಲ್ಲಿ ಸುಮಾರು 28 ಮನೆಯವರು ಮಾತ್ರ ಗ್ಯಾಸಿನಲ್ಲಿ ಅಡಿಗೆ ಮಾಡ್ತೀವಿ ಅಂತ ಬರೆಸಿದ್ದರು. 2016ರ ಮೇ 1ರಂದು ಉಜ್ವಲಾ ಯೋಜನೆ ಬಂತು. ಬಡವರ ಮನೆಗೆ ಠೇವಣಿ ಇಲ್ಲದೆ ಗ್ಯಾಸು. ಅದರಲ್ಲಿ ಒಂದು ಮಾತನ್ನು ಗಮನಿಸಿ. ಕನೆಕ್ಷನ್ ಕೊಡೋದು ಮನೆಯ ಹೆಂಗಸಿನ ಹೆಸರಿಗೆ. ಗಂಡನ ಹೆಸರಿಗಲ್ಲ, ಮಗನ ಹೆಸರಿಗಲ್ಲ. 18 ವರ್ಷ ತುಂಬಿದ ಹೆಂಗಸಿನ ಹೆಸರಿಗೆ.

ಈಗ ಒಂದು ಪ್ರಶ್ನೆ. ಗ್ಯಾಸ್ ಕನೆಕ್ಷನ್ ಅಂದರೆ ಏನು?

"ಸಿಲಿಂಡರ್" ಅಂತೀರಿ. ಅಲ್ಲ. ಸಿಲಿಂಡರ್ ಕಂಪನಿಯದು. ಖಾಲಿಯಾದದ್ದು ಕೊಟ್ಟು ತುಂಬಿದ್ದು ತಗೋತೀವಿ. ರೆಗ್ಯುಲೇಟರೂ ಕಂಪನಿಯದೇ. ಹಾಗಾದರೆ ನಮ್ಮದು ಯಾವುದು? ಕಾಗದ. ನಮ್ಮ ಹೆಸರು, ನಮ್ಮ ಗ್ರಾಹಕರ ಸಂಖ್ಯೆ ಇರುವ ಕಾಗದ. ಕನೆಕ್ಷನ್ ಅಂದರೆ ಆ ಕಾಗದವೇ. ಅದು ಯಾರ ಕೈಯಲ್ಲಿದೆಯೋ ಗ್ಯಾಸು ಅವರದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು.

2018ರಲ್ಲಿ ನಾವು ಆಗತಾನೆ ಶಾಲೆಯ ಕೆಲಸಕ್ಕೆ ಸೇರಿದ್ದೆವು. ಒಂದು ಊರಿನ ಅರಳಿಕಟ್ಟೆಯ ಹತ್ತಿರ ಉಚಿತ ಗ್ಯಾಸಿನ ಶಿಬಿರ ಮಾಡಿದರು. ಯಾರೋ ಬಂದು, ನೀವು ಮೇಡಂ, ನಿಮ್ಮ ಬರವಣಿಗೆ ಚೆನ್ನಾಗಿದೆ, ಅರ್ಜಿ ತುಂಬಿಕೊಡಿ ಅಂದರು. ಕೂತೆವು. ಬೆಳಗ್ಗೆಯಿಂದ ಸಂಜೆವರೆಗೆ ಅರ್ಜಿ ತುಂಬಿದೆವು. ಹೆಸರು ಹೇಳಮ್ಮ, ಗಂಡನ ಹೆಸರು ಹೇಳಮ್ಮ, ಆಧಾರ್ ಕೊಡಮ್ಮ, ಇಲ್ಲಿ ಹೆಬ್ಬೆಟ್ಟು ಒತ್ತಮ್ಮ. ಅರ್ಜಿಯಲ್ಲಿ ಏನು ಬರೆದಿದೆ ಅಂತ ಒಬ್ಬರಿಗೂ ಓದಿ ಹೇಳಲಿಲ್ಲ. ನಾವೂ ಪೂರ್ತಿ ಓದಲಿಲ್ಲ. ಸಂಜೆ ಆ ಕಟ್ಟನ್ನು ಒಬ್ಬರು ಮೋಟಾರ್ ಬೈಕಿನಲ್ಲಿ ತಗೊಂಡು ಹೋದರು. ಯಾರಿಗೂ ಸ್ವೀಕೃತಿ ಚೀಟಿ ಕೊಡಲಿಲ್ಲ. ಕೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಕೆಲವರಿಗೆ ಗ್ಯಾಸು ಬಂತು. ಕೆಲವರಿಗೆ ಬರಲಿಲ್ಲ. ಬರದವರು, ನಮ್ಮ ಹಣೇಲಿ ಬರೆದಿಲ್ಲ ಅಂದುಕೊಂಡು ಸೌದೆಗೆ ಹೋದರು.

ಐದು ವರ್ಷ ಕಳೆಯಿತು. 2023ರಲ್ಲಿ ಆ ಊರಿನ ಒಬ್ಬ ಅಕ್ಕ ನಮ್ಮ ಕೇಂದ್ರಕ್ಕೆ ಸೇರಿದರು. ಕೂಲಿ ಮುಗಿಸಿಕೊಂಡು ಬರುತ್ತಿದ್ದರು. ಹೆಸರು ಬರೆಯೋದು ಕಲಿತರು, ಅಂಕಿ ಕಲಿತರು. ಆಮೇಲೆ ಒಂದು ದಿನ ಧೈರ್ಯ ಮಾಡಿ ಒಬ್ಬರೇ ತಾಲ್ಲೂಕಿಗೆ ಹೋಗಿ ಗ್ಯಾಸ್ ಏಜೆನ್ಸಿಯಲ್ಲಿ ಹೊಸ ಕನೆಕ್ಷನ್ ಕೇಳಿದರು. ಗುಮಾಸ್ತ ಆಧಾರ್ ನಂಬರು ಒತ್ತಿ ಕಂಪ್ಯೂಟರ್ ನೋಡಿದ. "ನಿಮಗೆ ಇನ್ನೊಂದು ಕೊಡೋಕೆ ಬರಲ್ಲಮ್ಮ. ನಿಮ್ಮ ಹೆಸರಲ್ಲಿ ಆಗಲೇ ಐತಲ್ಲ" ಅಂದ.

"ನಮ್ಮನೇಲಿ ಸಿಲಿಂಡರೇ ಇಲ್ಲ ಸ್ವಾಮಿ" ಅಂದರು ಅಕ್ಕ.

"ಐತಮ್ಮ. ತಿಂಗಳಿಗೊಂದು ತಗೋತಿದೀರಿ."

ತಿಂಗಳಿಗೊಂದು! ಅವರು ಮಟ್ಟೆ ಸುಡುತ್ತಿದ್ದಾರೆ. ಅವರ ಹೆಸರಿನ ಗ್ಯಾಸು ಬೇರೆ ಯಾವುದೋ ಒಲೆಯಲ್ಲಿ ಉರಿಯುತ್ತಿದೆ.

ಮೊದಲಾಗಿದ್ದರೆ ಅವರು ಅಳುತ್ತಾ ಬಸ್ಸು ಹತ್ತುತ್ತಿದ್ದರು. ಅವತ್ತು ಹಾಗೆ ಮಾಡಲಿಲ್ಲ. "ಆ ನಂಬರು ಬರ್ಕೊಡಿ" ಅಂದರು. ಗುಮಾಸ್ತ ಹೇಳಿದ, ಇವರೇ ಬರೆದುಕೊಂಡರು. ಬಸ್ ಟಿಕೆಟ್ಟಿನ ಹಿಂದೆ. ಎಂಟರ ಸೊಂಟ ಸ್ವಲ್ಪ ಸೊಟ್ಟ, ಆದರೆ ಅಂಕಿ ಎಲ್ಲ ಸರಿ.

ಸಂಜೆ ಆ ಟಿಕೆಟ್ಟನ್ನು ನಮ್ಮ ಮುಂದೆ ಇಟ್ಟರು. ನಮಗೆ ಅರಳಿಕಟ್ಟೆ ನೆನಪಾಯಿತು. ಆ ಅರ್ಜಿ ತುಂಬಿದ ಕೈ ನಮ್ಮದೇ ಇದ್ದರೂ ಇರಬಹುದು. ಅದನ್ನು ಅವರಿಗೆ ಹೇಳಿದೆವು. ಅವರು ಏನೂ ಅನ್ನಲಿಲ್ಲ. "ಈಗ ಏನ್ ಬರೀಬೇಕು ಹೇಳಿ" ಅಂದರು.

ಬರೆದರು. ಏಳು ಸಾಲಿನ ಅರ್ಜಿ. ನಾವು ಬಾಯಲ್ಲಿ ಹೇಳಲಿಲ್ಲ. ಅವರೇ ಹೇಳಿಕೊಂಡು ಬರೆದರು. ನನ್ನ ಹೆಸರಿನಲ್ಲಿ ಇರುವ ಗ್ಯಾಸ್ ನನಗೆ ಬಂದಿಲ್ಲ. ನಾನು ಒಂದು ಸಿಲಿಂಡರನ್ನೂ ತೆಗೆದುಕೊಂಡಿಲ್ಲ. ಯಾರು ತೆಗೆದುಕೊಂಡರು ವಿಚಾರಿಸಿ. ಕೆಳಗೆ ರುಜು. ಒಂದೆರಡು ಕಡೆ ಒತ್ತಕ್ಷರ ತಪ್ಪಿತ್ತು. ನಾವು ತಿದ್ದಲಿಲ್ಲ. ಒಂದು ಪ್ರತಿ ಏಜೆನ್ಸಿಗೆ, ಒಂದು ಪ್ರತಿ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ. ಎರಡೂ ಕಡೆ ತಮ್ಮ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಂಡೇ ಎದ್ದರು. ಬೇಗ ಆಗಲಿಲ್ಲ. ಆರು ಸಲ ಓಡಾಡಿದರು. ಆರು ದಿನದ ಕೂಲಿ ಹೋಯಿತು. ಕೊನೆಗೆ ಆ ಹಳೆಯ ಕನೆಕ್ಷನ್ ನಿಲ್ಲಿಸಿ ಅವರ ಮನೆಗೇ ಗ್ಯಾಸು ಕೊಟ್ಟರು. ಇಷ್ಟು ವರ್ಷ ಅದನ್ನು ಉರಿಸಿದವರು ಯಾರು ಅಂತ ಈವತ್ತಿಗೂ ಗೊತ್ತಾಗಿಲ್ಲ.

ಅದಕ್ಕೇ ಮೂರನೆಯ ಅಕ್ಕನ ಮಾತು ಕೇಳಿ ನಮಗೆ ನಿದ್ದೆ ಬರಲಿಲ್ಲ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಯಾರನ್ನು ಕೇಳಬೇಕು?

ದಲ್ಲಾಳಿಯನ್ನಲ್ಲ. ನಮ್ಮ ಭಾಗಕ್ಕೆ ಗ್ಯಾಸು ಹಂಚುವ ಏಜೆನ್ಸಿಯನ್ನು. ಮೂರು ಸರ್ಕಾರಿ ಕಂಪನಿಗಳಿವೆ. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಗ್ಯಾಸ್. ಯಾವುದಾದರೂ ಆದೀತು. ನಮ್ಮ ಊರಿಗೆ ಯಾವ ಗಾಡಿ ಬರುತ್ತೋ ಅದನ್ನು ನೋಡಿಕೊಳ್ಳಿ. ಗಾಡಿ ಬಾರದ ಕಂಪನಿಯ ಗ್ಯಾಸು ತಗೊಂಡರೆ ಸಿಲಿಂಡರ್ ಹೊತ್ತು ತರೋರು ಯಾರು?

ಬೇಕಾದ ಕಾಗದ ಇಷ್ಟು. ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಫೋಟೋ, ಮೊಬೈಲ್ ನಂಬರು. ಹೊರಡುವ ಮೊದಲು ಎಲ್ಲವನ್ನೂ ಚಾಪೆ ಮೇಲೆ ಹರಡಿ. ಒಂದೊಂದರಲ್ಲೂ ನಿಮ್ಮ ಹೆಸರು ಓದಿ. ಆಧಾರಿನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕಿನಲ್ಲಿ ಲಕ್ಕಮ್ಮ ಅಂತ ಇದ್ದರೆ ಆಯಿತು, ಮೂರು ಸಲ ತಿರುಗಾಟ. ಮೂವರೂ ನಾನೇ ಅಂದರೆ ಕಂಪ್ಯೂಟರ್ ಕೇಳೋದಿಲ್ಲ. ಹುಟ್ಟಿದ ತಾರೀಕೂ ನೋಡಿ. ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಿ.

ಮೊಬೈಲ್ ನಂಬರು ನಿಮ್ಮದೇ ಕೊಡಿ. ಬೆಂಗಳೂರಲ್ಲಿರುವ ಮಗನದು ಬೇಡ. ಸಿಲಿಂಡರ್ ಬಂದಾಗ ಆ ನಂಬರಿಗೆ ಒಂದು ಸಂಖ್ಯೆ ಬರುತ್ತೆ. ಅದನ್ನು ಗಾಡಿಯವನಿಗೆ ಹೇಳಬೇಕು. ಸಿಲಿಂಡರ್ ಬಾಗಿಲಿಗೆ ಬಂದ ಮೇಲೆ ಹೇಳಿ, ಮೊದಲೇ ಹೇಳಬೇಡಿ. ಆ ಸಂಖ್ಯೆ ಹೋಯಿತೆಂದರೆ ಸಿಲಿಂಡರ್ ನಿಮಗೆ ಮುಟ್ಟಿತು ಅಂತಲೇ ಅವರ ಲೆಕ್ಕ.

ಯಂತ್ರದ ಮೇಲೆ ಬೆರಳಿಡಿ ಅಂತಾರೆ. ಆಗ ನೀವು, ಅಯ್ಯೋ ಓದು ಕಲಿತ ಮೇಲೂ ಹೆಬ್ಬೆಟ್ಟೇ ಆಯ್ತಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಇದು ಬೇರೆ. ಈ ಆಧಾರಿನವರು ನೀವೇ ಹೌದೇ ಅಂತ ಯಂತ್ರ ನೋಡುತ್ತೆ. ಓದಿದ ಡಾಕ್ಟರೂ ಇಡಬೇಕು. ಸೌದೆ ಸೀಳಿ, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದಿದ್ದರೆ ಯಂತ್ರಕ್ಕೆ ಹಿಡಿಯೋದಿಲ್ಲ. ಆಗ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ದಾರಿ ಇದೆ, ಕೇಳಿ. ಇದಕ್ಕೆ ದುಡ್ಡಿಲ್ಲ. ಆದರೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತು ಅಂದರೆ ಒತ್ತಬೇಡಿ. "ನಂಗೆ ರುಜು ಬರುತ್ತೆ, ಮೊದಲು ಓದ್ತೀನಿ" ಅನ್ನಿ. ನಿಧಾನ ಆದರೆ ಆಗಲಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ಎಷ್ಟು ದುಡ್ಡು? ಉಜ್ವಲಾದಲ್ಲಿ ಸಿಕ್ಕರೆ ಸಿಲಿಂಡರಿಗೂ ರೆಗ್ಯುಲೇಟರಿಗೂ ಠೇವಣಿ ಇಲ್ಲ. 2021ರ ಆಗಸ್ಟಿನಲ್ಲಿ ಶುರುವಾದ ಎರಡನೇ ಹಂತದಲ್ಲಿ ಮೊದಲ ಸಿಲಿಂಡರಿನ ಗ್ಯಾಸು, ಒಲೆ ಕೂಡ ಉಚಿತ ಮಾಡಿದರು. ಆದರೆ ಈ ಬಾಗಿಲು ಸದಾ ತೆರೆದಿರೋದಿಲ್ಲ. ಸರ್ಕಾರ ಕಂತು ಕಂತಾಗಿ ಅನುಮತಿ ಕೊಡುತ್ತೆ. 2023ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ 75 ಲಕ್ಷ ಹೊಸ ಕನೆಕ್ಷನ್ ಅಂತ ಹೇಳಿದರು. ಈಗ ತೆಗೆದುಕೊಳ್ಳುತ್ತಿದ್ದಾರಾ ಅಂತ ಏಜೆನ್ಸಿಯಲ್ಲೇ ಕೇಳಬೇಕು. ಮನೆಯಲ್ಲಿ ಬೇರೆ ಯಾರ ಹೆಸರಲ್ಲೂ ಗ್ಯಾಸು ಇರಬಾರದು.

ಉಜ್ವಲಾ ಇಲ್ಲದಿದ್ದರೆ ಠೇವಣಿ ಕಟ್ಟಬೇಕು. 14.2 ಕಿಲೋ ಸಿಲಿಂಡರಿನ ಠೇವಣಿ 2022ರ ಜೂನಿನಲ್ಲಿ 1450 ರೂಪಾಯಿಯಿಂದ 2200ಕ್ಕೆ ಏರಿತು. ರೆಗ್ಯುಲೇಟರಿನದು 150ರಿಂದ 250ಕ್ಕೆ. ಠೇವಣಿ ಅಂದರೆ ಹೋದ ದುಡ್ಡಲ್ಲ. ಗ್ಯಾಸು ಬೇಡ ಅಂತ ಒಪ್ಪಿಸಿದ ದಿನ ವಾಪಸ್ ಬರುವ ದುಡ್ಡು. ಯಾವಾಗ? ಕಾಗದ ಇದ್ದರೆ. ಆ ಕಾಗದಕ್ಕೆ ಎಸ್‌ವಿ ಅಂತಾರೆ. ಅದರಲ್ಲಿ ನಿಮ್ಮ ಹೆಸರು, ಗ್ರಾಹಕರ ಸಂಖ್ಯೆ, ಎಷ್ಟು ಸಿಲಿಂಡರ್, ಎಷ್ಟು ಠೇವಣಿ ಎಲ್ಲ ಇರುತ್ತೆ. ಅದನ್ನು ಅಕ್ಕಿ ಡಬ್ಬದ ಕೆಳಗೋ, ದೇವರ ಪಟದ ಹಿಂದೋ ಸಿಕ್ಕಿಸಬೇಡಿ. ಮನೆ ಪತ್ರದ ಜೊತೆ ಇಡಿ.

ಒಲೆ ನಮ್ಮ ಅಂಗಡೀಲೇ ತಗೋಬೇಕು, ಕುಕ್ಕರ್ ತಗೋಬೇಕು, ಇಲ್ಲಾಂದ್ರೆ ಗ್ಯಾಸಿಲ್ಲ ಅಂತ ಕೆಲವು ಕಡೆ ಹೇಳ್ತಾರೆ. ಹಾಗೆ ಕಟ್ಟಾಯ ಮಾಡುವಂತಿಲ್ಲ. ಐಎಸ್‌ಐ ಗುರುತು ಇರುವ ಒಲೆಯನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು.

ಸರಿ, ಸಿಲಿಂಡರ್ ಮನೆಗೆ ಬಂತು. ಆರತಿ ಎತ್ತುತ್ತೀರಿ. ಅರಿಶಿನ, ಕುಂಕುಮ ಇಡ್ತೀರಿ. ಇಡಿ, ಬೇಡ ಅನ್ನಲ್ಲ. ಆದರೆ ಕುಂಕುಮ ಇಡುವ ಮೊದಲು ಅದನ್ನು ಓದಿ. ಸಿಲಿಂಡರಿನ ಮೈಮೇಲೂ ಬರಹ ಇದೆ.

ಸ್ಲೇಟು ತಗೊಳ್ಳಿ. ಸಿಲಿಂಡರಿನ ಕೊರಳ ಹತ್ತಿರ ಮೂರು ಕಬ್ಬಿಣದ ಪಟ್ಟಿ ಇರ್ತವೆ, ಮೇಲಿನ ಬಳೆಯನ್ನು ಹಿಡಿದುಕೊಂಡಿರುವ ಪಟ್ಟಿಗಳು. ಅದರಲ್ಲಿ ಒಂದರ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ. ಆ ಅಕ್ಷರ ನಾಲ್ಕೇ ನಾಲ್ಕರಲ್ಲಿ ಒಂದು. ಎ, ಬಿ, ಸಿ, ಡಿ. ಎ ಅಂದರೆ ಎರಡು ಕೋಲು ಮೇಲೆ ಕೂಡಿಸಿ ನಡುವೆ ಒಂದು ಅಡ್ಡಪಟ್ಟಿ. ಬಿ ಅಂದರೆ ಒಂದು ಕೋಲಿಗೆ ಎರಡು ಹೊಟ್ಟೆ. ಸಿ ಅಂದರೆ ಹಿಡಿ ಇಲ್ಲದ ಕುಡುಗೋಲು. ಡಿ ಅಂದರೆ ಹಗ್ಗ ಕಟ್ಟಿದ ಬಿಲ್ಲು. ಬರೆದು ನೋಡಿ. ಬಂತಾ? ದೊಡ್ಡಮ್ಮ, ನಿಮ್ಮ ಕುಡುಗೋಲು ಆ ಕಡೆ ತಿರುಗಿದೆ, ಈ ಕಡೆ ತಿರುಗಿಸಿ. ಹಾಂ.

ವರ್ಷಕ್ಕೆ ಹನ್ನೆರಡು ತಿಂಗಳು. ನಾಲ್ಕು ಪಾಲು ಮಾಡಿದರೆ ಮೂರು ಮೂರು ತಿಂಗಳು. ಜನವರಿಯಿಂದ ಮಾರ್ಚಿ ಎ. ಏಪ್ರಿಲಿನಿಂದ ಜೂನ್ ಬಿ. ಜುಲೈಯಿಂದ ಸೆಪ್ಟೆಂಬರ್ ಸಿ. ಅಕ್ಟೋಬರಿನಿಂದ ಡಿಸೆಂಬರ್ ಡಿ. ಪಕ್ಕದ ಅಂಕಿ ವರ್ಷ. ಬಿ 28 ಅಂತ ಇದ್ದರೆ 2028ರ ಜೂನಿನವರೆಗೆ ಆ ಸಿಲಿಂಡರ್ ಬಳಸಬಹುದು. ಆಮೇಲೆ ಅದನ್ನು ಮತ್ತೆ ಪರೀಕ್ಷೆ ಮಾಡಬೇಕು. ತಾರೀಕು ದಾಟಿದ್ದು ತಂದರೆ ಇಳಿಸಿಕೊಳ್ಳಬೇಡಿ. "ಇದರ ಅವಧಿ ಮುಗಿದೈತೆ, ಬೇರೆ ಕೊಡಿ" ಅನ್ನಿ. ನಮ್ಮ ಕೇಂದ್ರದ ಒಬ್ಬ ತಂಗಿ ಹಾಗೆ ಅಂದಾಗ ಗಾಡಿ ಹುಡುಗ ತಬ್ಬಿಬ್ಬಾಗಿ, "ಅಕ್ಕ, ನೀವೇನು ಗ್ಯಾಸ್ ಕಂಪ್ನೀಲಿ ಕೆಲ್ಸ ಮಾಡ್ತಿದ್ರಾ?" ಅಂತ ಕೇಳಿದನಂತೆ.

ಈಗ ಕೂಡುವ ಲೆಕ್ಕ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತೆ. ಒಂದೊಂದರದು ಒಂದೊಂದು ತೂಕ. ಒಂದರ ಮೇಲೆ 15.3 ಅಂತ ಇದೆ ಅನ್ನಿ. ಅಂದರೆ 15 ಕಿಲೋ 300 ಗ್ರಾಂ. ಒಳಗಿನ ಗ್ಯಾಸು 14 ಕಿಲೋ 200 ಗ್ರಾಂ. ಕೂಡಿ. 29 ಕಿಲೋ 500 ಗ್ರಾಂ ಆಯಿತಲ್ಲ? ತಕ್ಕಡಿಗೆ ಹಾಕಿದರೆ ಅಷ್ಟು ತೂಗಬೇಕು. ತೂಕ ಮಾಡಿ ತೋರಿಸು ಅಂತ ಕೇಳೋದು ನಮ್ಮ ಹಕ್ಕು. ಸಂತೆಯಲ್ಲಿ ಕಾಲು ಕಿಲೋ ಮೆಣಸಿನಕಾಯಿಗೆ ತಕ್ಕಡಿ ಮುಳ್ಳು ನೋಡ್ತೀವಿ. ಇಷ್ಟು ದುಡ್ಡಿನ ಗ್ಯಾಸಿಗೆ ನೋಡೋದಿಲ್ಲ!

ಮೂತಿಯ ಮೇಲಿನ ಸೀಲು ಒಡೆದಿರಬಾರದು. ಮುಚ್ಚಳ ತೆಗೆಸಿ ಸೋರುತ್ತಾ ಅಂತ ಅವನ ಮುಂದೆಯೇ ನೋಡಿ. ರಸೀದಿ ಇಸ್ಕೊಳ್ಳಿ. ಏಜೆನ್ಸಿಯ ವ್ಯಾಪ್ತಿಯ ಒಳಗಾದರೆ ಮನೆಗೆ ತಲುಪಿಸುವ ಖರ್ಚು ರಸೀದಿಯ ಬೆಲೆಯಲ್ಲೇ ಸೇರಿರುತ್ತೆ. ಮೇಲೆ ಇಪ್ಪತ್ತು, ಮೂವತ್ತು ಕೇಳ್ತಾರೆ. ಬಿಸಿಲಲ್ಲಿ ಹೊತ್ತು ತಂದ ಹುಡುಗನಿಗೆ ಮಜ್ಜಿಗೆ ಕೊಡಿ. ದುಡ್ಡು ರಸೀದಿಯಲ್ಲಿದ್ದಷ್ಟೇ ಕೊಡಿ.

ಎರಡನೆಯ ಅಕ್ಕನ ಭಯಕ್ಕೆ ಬರೋಣ. ಭಯ ಸುಳ್ಳಲ್ಲ. ಗ್ಯಾಸು ತಿಳಿದವರಿಗೆ ಒಳ್ಳೆಯದು, ತಿಳಿಯದವರಿಗೆ ಕೆಟ್ಟದ್ದು.

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಬೇಕೆಂದೇ ಕೆಟ್ಟ ವಾಸನೆ ಸೇರಿಸಿರ್ತಾರೆ. ಗ್ಯಾಸು ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲಕ್ಕೆ ಹೋಗೋದಿಲ್ಲ. ಚೆಲ್ಲಿದ ನೀರಿನ ಹಾಗೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತೆ. ಅದಕ್ಕೇ ಸಿಲಿಂಡರನ್ನು ಗುಂಡಿಯಲ್ಲಿ, ಕೆಳಮಟ್ಟದ ಕೋಣೆಯಲ್ಲಿ ಇಡಬಾರದು. ನೆಟ್ಟಗೆ ನಿಲ್ಲಿಸಬೇಕು, ಮಲಗಿಸಬಾರದು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಕಲ್ಲು ಚಪ್ಪಡಿಯ ಕಟ್ಟೆಯಾದರೂ ಸರಿ.

ಎತ್ತರದ ಒಲೆಯಲ್ಲಿ ಮುದ್ದೆ ತೊಳೆಸೋದು ಹೇಗೆ ಅಂತ ಕೇಳ್ತೀರಿ. ನಿಜ. ಗ್ಯಾಸಿನ ಒಲೆ ಮಾಡಿದವರು ಮುದ್ದೆ ಉಂಡವರಲ್ಲ ಅಂತ ಕಾಣುತ್ತೆ. ಕೋಲು ಹಾಕಿ ತಿರುವಿದರೆ ಒಲೆಯೇ ಅಲ್ಲಾಡುತ್ತೆ. ನಾವು ಮನೆಯಲ್ಲಿ ಮಾಡೋದು ಹೀಗೆ. ಹಿಟ್ಟು ಬೇಯುವ ತನಕ ಒಲೆಯ ಮೇಲೆ. ಆಮೇಲೆ ಗ್ಯಾಸು ಆರಿಸಿ, ಮಡಕೆ ಕೆಳಗಿಳಿಸಿ, ಕವೆಗೋಲಿನಲ್ಲಿ ಒತ್ತಿ ಹಿಡಿದು ತಿರುವೋದು.

ಒಲೆ ಹಚ್ಚುವಾಗ ಮೊದಲು ಕಡ್ಡಿ ಗೀರಿ, ಆಮೇಲೆ ಗುಂಡಿ ತಿರುಗಿಸಿ. ತಿರುಗಿಸಿಟ್ಟು ಕಡ್ಡಿ ಪೆಟ್ಟಿಗೆ ಹುಡುಕಬೇಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ರಾತ್ರಿ ಮಲಗುವಾಗ ರೆಗ್ಯುಲೇಟರ್ ಆರಿಸಿ. ಪೈಪು ಕಿತ್ತಳೆ ಬಣ್ಣದ್ದು, ಐಎಸ್‌ಐ ಗುರುತಿನದು ಇರಲಿ. ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಅದಕ್ಕೆ ಬಟ್ಟೆ ಸುತ್ತಬೇಡಿ. ಇಲಿ ಕಚ್ಚಿದ್ದು ಬಟ್ಟೆಯ ಒಳಗೆ ಕಾಣೋದಿಲ್ಲ.

ಇನ್ನೊಂದು ಮಾತು, ಇದು ನಮ್ಮ ಹಳ್ಳಿಗಳದ್ದೇ ತೊಂದರೆ. ಗ್ಯಾಸು ಬಂದ ಮೇಲೂ ನೀರು ಕಾಯಿಸೋಕೆ ಸೌದೆ ಒಲೆ ಇರುತ್ತೆ. ಇರಲಿ. ಆದರೆ ಅದು ಸಿಲಿಂಡರ್ ಇರುವ ಕೋಣೆಯಲ್ಲಿ ಬೇಡ. ಹಿತ್ತಲಿಗೆ ಹಾಕಿ. ಗ್ಯಾಸು ಸೋರಿದ ದಿನ ಆ ಕೆಂಡ ಸಾಕು.

ವಾಸನೆ ಬಂತು ಅನ್ನಿ. ಕಡ್ಡಿ ಗೀರಿ ನೋಡಬೇಡಿ. ಲೈಟಿನ ಸ್ವಿಚ್ ಮುಟ್ಟಬೇಡಿ. ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹಾರುತ್ತೆ. ದೇವರ ದೀಪ, ಊದುಬತ್ತಿ, ಒಲೆ ನಂದಿಸಿ. ರೆಗ್ಯುಲೇಟರ್ ಬಂದ್ ಮಾಡಿ, ಅದನ್ನು ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿ. ಬಾಗಿಲು ಕಿಟಕಿ ತೆಗೆಯಿರಿ. ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಆ ನಾಲ್ಕು ಅಂಕಿಯನ್ನು ಇದ್ದಿಲಿನಲ್ಲಾದರೂ ಸರಿ, ಅಡಿಗೆ ಮನೆ ಗೋಡೆಯ ಮೇಲೆ ನೀವೇ ಬರೆಯಿರಿ. ವಾಸನೆ ಇಲ್ಲದಿದ್ದರೂ ಅನುಮಾನ ಬಂದರೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ಸೋರುತ್ತಿದೆ.

ಇಷ್ಟೆಲ್ಲ ಹೇಳಿ ದುಡ್ಡಿನ ಮಾತು ಬಿಟ್ಟರೆ ನೀವು ನಮ್ಮನ್ನು ನಗ್ತೀರಿ. ಕನೆಕ್ಷನ್ ಉಚಿತ, ತುಂಬಿಸೋದು ಉಚಿತ ಅಲ್ಲ. ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಮೂಲೆಯಲ್ಲಿ ಹೂವು ಮುಡಿದುಕೊಂಡು ನಿಂತಿದೆ. ನೆಂಟರು ಬಂದಾಗ ಕಾಫಿಗೆ ಮಾತ್ರ. ಅವರನ್ನು ಬೈಯೋದಕ್ಕೆ ನಮಗೆ ಬಾಯಿ ಬರೋದಿಲ್ಲ. ಕೂಲಿ ದುಡ್ಡಿನಲ್ಲಿ ಒಂದೇ ಸಲ ಅಷ್ಟು ಎಣಿಸಿಕೊಡೋದು ಕಷ್ಟ. ಉಜ್ವಲಾದವರಿಗೆ 2022ರ ಮೇ ತಿಂಗಳಲ್ಲಿ ಸಿಲಿಂಡರಿಗೆ 200 ರೂಪಾಯಿ ಸಬ್ಸಿಡಿ ಕೊಟ್ಟರು. 2023ರ ಅಕ್ಟೋಬರಿನಲ್ಲಿ 300 ಮಾಡಿದರು. 2025-26ರ ಸಾಲಿಗೆ 9 ಸಿಲಿಂಡರಿನವರೆಗೆ ಅಂತ ಮಿತಿ ಹಾಕಿದರು. ಮೊದಲು ಪೂರ್ತಿ ದುಡ್ಡು ಕೊಡಬೇಕು, ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತೆ. ಪಾಸ್‌ಬುಕ್ಕು ಬರೆಸಿ ನೋಡಿ, ಬಂದಿದೆಯಾ ಅಂತ. ದೊಡ್ಡ ಸಿಲಿಂಡರಿಗೆ ಆಗದಿದ್ದರೆ 5 ಕಿಲೋ ಸಿಲಿಂಡರೂ ಇದೆ. ಇದನ್ನು ಏಜೆನ್ಸಿಯವರು ತಾವಾಗಿ ಹೇಳೋದು ಕಡಿಮೆ. ನೀವೇ ಕೇಳಿ.

ನಮ್ಮ ಬೀದಿಯ ಒಂದು ಸ್ತ್ರೀಶಕ್ತಿ ಸಂಘದವರು ವಾರದ ಉಳಿತಾಯದ ಜೊತೆ ಗ್ಯಾಸಿನ ಡಬ್ಬ ಅಂತ ಬೇರೆ ಇಟ್ಟಿದ್ದಾರೆ. ಯಾರ ಸಿಲಿಂಡರ್ ಮುಗಿಯಿತೋ ಅವರು ಅದರಿಂದ ತಗೊಂಡು ಆಮೇಲೆ ಕಟ್ಟುತ್ತಾರೆ. ಲೆಕ್ಕ ಬರೆಯೋದು ನಮ್ಮ ಕೇಂದ್ರದಲ್ಲಿ ಕಲಿತ ತಂಗಿಯೇ. ಒಂದು ಸಲ ಏಳು ರೂಪಾಯಿ ತಪ್ಪಿ ರಾತ್ರಿ ಹತ್ತರವರೆಗೆ ಜಗಳ ಆಯಿತಂತೆ. ಆಗಲಿ. ಲೆಕ್ಕ ಇದ್ದರೆ ತಾನೇ ಜಗಳ.

ಕೊನೆಗೆ ಆ ಮೂರನೆಯ ಅಕ್ಕ. ಮೊನ್ನೆ ಪೆಟ್ಟಿಗೆ ತೆಗೆದು ಗ್ಯಾಸಿನ ಪುಸ್ತಕ ಹುಡುಕಿದ್ದಾರೆ. ಈವತ್ತು ತಂದಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹೆಸರನ್ನು ತಾವೇ ಕೂಡಿಸಿಕೊಂಡು ಓದಿದರಂತೆ. ಅದು ಅವರ ಅತ್ತೆಯ ಹೆಸರು. ಅತ್ತೆ ತೀರಿಕೊಂಡು ಆರು ವರ್ಷ ಆಯಿತು. ಆರು ವರ್ಷದಿಂದ ತೀರಿಕೊಂಡವರ ಹೆಸರಲ್ಲಿ ಇವರ ಮನೆ ಒಲೆ ಉರಿಯುತ್ತಿದೆ. ಅತ್ತೆಯ ಮೊಬೈಲ್ ನಂಬರು ಈಗ ಯಾರ ಹತ್ತಿರ ಇದೆಯೋ ಗೊತ್ತಿಲ್ಲ.

ಇದಕ್ಕೆ ದಾರಿ ಇದೆ. ವಾರಸುದಾರರ ಹೆಸರಿಗೆ ಮಾಡಿಸಬಹುದು. ಅತ್ತೆಯ ಮರಣ ಪ್ರಮಾಣ ಪತ್ರ ಬೇಕು, ಆ ಹಳೆಯ ಕಾಗದ ಬೇಕು, ಮನೆಯ ಉಳಿದ ವಾರಸುದಾರರ ಒಪ್ಪಿಗೆ ಬೇಕು, ಇವರ ಆಧಾರ್ ಬೇಕು. ಯಜಮಾನರು ನನ್ನ ಹೆಸರಿಗೇ ಆಗಲಿ ಅಂದರಂತೆ. ಅಕ್ಕ ಏನೂ ಮಾತಾಡದೆ ಊಟಕ್ಕೆ ಬಡಿಸಿದರಂತೆ. ಆಮೇಲೆ, "ಒಲೆ ಮುಂದೆ ನಿಲ್ಲೋದು ನೀವೇ ಆದ್ರೆ ನಿಮ್ಮೆಸರಿಗೆ ಮಾಡ್ಸೋಣ" ಅಂದರಂತೆ. ಯಜಮಾನರು ನಕ್ಕು ಒಪ್ಪಿದ್ದಾರೆ.

ಸೋಮವಾರ ಬೆಳಗ್ಗೆ ಒಂಬತ್ತರ ಬಸ್ಸಿಗೆ ಅವರು ತಾಲ್ಲೂಕಿಗೆ ಹೋಗ್ತಾರೆ. ಹೊಸ ಕನೆಕ್ಷನ್ ಬೇಕಾದವರು ಅವರ ಜೊತೆ ಹೋಗಿ. ಅರ್ಜಿಯನ್ನು ನಾವು ಬರೆದುಕೊಡೋದಿಲ್ಲ. ನಾಳೆ ಸಂಜೆ ಇಲ್ಲೇ ಕೂತು ನೀವೇ ಬರೆಯಿರಿ, ನಾವು ಪಕ್ಕದಲ್ಲಿರ್ತೀವಿ. ಗ್ಯಾಸು ಇರುವವರು ನಿಮ್ಮ ಪುಸ್ತಕ ತನ್ನಿ. ಯಾರ ಹೆಸರಿದೆ ಅಂತ ಒಬ್ಬೊಬ್ಬರಾಗಿ ಎದ್ದು ನಿಂತು ಓದೋಣ.